ಎಲೆಯಕ್ಕನ ತೊರೆಗೆ ಬಂದ ಈಜುಗಳ್ಳ

ನಮ್ಮ ಗಿಡರೋಗ ಕಚೇರಿಯಲ್ಲಿ ನಾನು ಮೂವತ್ತೊಂದು ವರ್ಷ ಜೀಪು ಓಡಿಸಿದೆ. ಓಡಿಸಿದೆ ಎನ್ನುವುದು ಜೀಪಿನ ಮರ್ಯಾದೆ ಉಳಿಸಲು ಹೇಳುವ ಮಾತು. ಅರ್ಧ ದಾರಿ ನಾನೇ ಅದನ್ನು ತಳ್ಳಿದ್ದೇನೆ. ಆ ಜೀಪು ಹುಟ್ಟಿದಾಗ ಎದುರಿನ ಬೆಟ್ಟ ಇನ್ನೂ ಅಂಬೆಗಾಲಿಡುತ್ತಿತ್ತು ಎಂದರೆ ನಂಬದವರಿದ್ದಾರೆ, ಇರಲಿ. ಕಥೆ ಜೀಪಿನದಲ್ಲ. ಅದರ ಪಕ್ಕದ ಸೀಟಿನಲ್ಲಿ ಮಡಿಲ ಮೇಲೆ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದ ಹೆಂಗಸಿನದು.

ಹಾಜರಿ ಪುಸ್ತಕದಲ್ಲಿ ಅವಳು 'ಕ್ಷೇತ್ರ ಸಹಾಯಕಿ'. ನಮ್ಮೆಲ್ಲರ ಬಾಯಲ್ಲಿ ಎಲೆಯಕ್ಕ. ಅವಳ ಕೆಲಸವೇನೆಂದು ಹೇಳಿದರೆ ಮೊದಲ ಸಲ ಕೇಳಿದವರು ನಗುತ್ತಿದ್ದರು: ಹೊಳೆಗೆ ಎಲೆ ಹಾಕುವುದು, ಏಳು ದಿನ ಬಿಟ್ಟು ತೆಗೆಯುವುದು. "ಇದಕ್ಕೂ ಸಂಬಳ ಕೊಡ್ತಾರಾ?" ಎಂದು ನನ್ನ ಹೆಂಡತಿಯೇ ಕೇಳಿದ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನೀರಿನಲ್ಲಿ ಒಂದು ರೋಗಾಣು ಇದೆ. ಅದರ ಶಾಸ್ತ್ರದ ಹೆಸರನ್ನು ದೊಡ್ಡ ಸಾಹೇಬರು ಹೇಳಲು ಶುರು ಮಾಡಿದರೆ, ನಾವು ಹೊರಗೆ ಹೋಗಿ ಚಹಾ ಕುಡಿದು, ಲೋಟ ತೊಳೆದಿಟ್ಟು ಬರುವ ಹೊತ್ತಿಗೆ ಕೊನೆಯ ಅಕ್ಷರ ಮುಟ್ಟುತ್ತಿದ್ದರು. ಎಲೆಯಕ್ಕ ಅದಕ್ಕೆ 'ಈಜುಗಳ್ಳ' ಎಂದಳು, ಕಚೇರಿಗೆಲ್ಲ ಅದೇ ಹೆಸರಾಯಿತು. ಕಣ್ಣಿಗೆ ಕಾಣದ ಈ ಕಳ್ಳ ಬಾಲ ಬಡಿಯುತ್ತ ಈಜಿ ಬಂದು ದಡದ ಮರದ ಬೇರನ್ನು ಹುಡುಕಿ ಒಳಹೊಕ್ಕನೆಂದರೆ ಮುಗಿಯಿತು. ಮೊದಲು ಬುಡದ ತೊಗಟೆಯಿಂದ ಕಪ್ಪು ರಸ ಸೋರುತ್ತದೆ. ಆಮೇಲೆ ನೆತ್ತಿಯ ಎಲೆಗಳು ಚಿಕ್ಕದಾಗುತ್ತವೆ. ಮೂರನೇ ವರ್ಷಕ್ಕೆ ಮರ ನಿಂತಲ್ಲೇ ಹೆಣ. ಅವನು ಯಾವ ನೀರಿನಲ್ಲಿದ್ದಾನೆ ಎಂದು ತಿಳಿಯಲು ದಪ್ಪ ಹಸಿರೆಲೆಗಳನ್ನು ಬಲೆಚೀಲದಲ್ಲಿ ಕಟ್ಟಿ ತೇಲಿಬಿಡಬೇಕು. ಕಳ್ಳನಿಗೆ ಎಲೆ ಕಂಡರೆ ಬಾಯಲ್ಲಿ ನೀರೂರುತ್ತದೆ. ಕಚ್ಚಿದ ಜಾಗ ಕಂದುಮಚ್ಚೆಯಾಗುತ್ತದೆ. ಮೀನಿಗೆ ಗಾಳ ಹಾಕಿದ ಹಾಗೆಯೇ, ಆದರೆ ಇಲ್ಲಿ ಏನೂ ಸಿಗದಿದ್ದರೆ ಖುಷಿಪಡಬೇಕು.

ಹನ್ನೊಂದು ಜಾಗಗಳಲ್ಲಿ ಅವಳ ಚೀಲಗಳು ತೇಲುತ್ತಿದ್ದವು. ಕೆಳಗಿನ ಹತ್ತರಲ್ಲೂ ಈಜುಗಳ್ಳ ಸಂಸಾರ ಹೂಡಿ ಮೊಮ್ಮಕ್ಕಳನ್ನು ಕಂಡಿದ್ದ. ಮೇಲಿನ ಒಂದೇ ಒಂದು ತೊರೆ, ಜಲಪಾತದ ಮೇಲಿನದು, ಹತ್ತೊಂಬತ್ತು ವರ್ಷ ಮಚ್ಚೆಯಿಲ್ಲದೆ ಉಳಿದಿತ್ತು. ಅಲ್ಲಿನ ಮರಗಳು ದಡದಿಂದ ದಡಕ್ಕೆ ಕೊಂಬೆ ಚಾಚಿ ಕೈಕೈ ಹಿಡಿದುಕೊಂಡಿದ್ದವು. ಎಲೆಯಕ್ಕ ಯಾವಾಗಲೂ ಆ ತೊರೆಯಿಂದಲೇ ಕೆಲಸ ಶುರು ಮಾಡಿ ಕೆಳಗಿಳಿಯುತ್ತಿದ್ದಳು. ಕೆಳಗಿನ ಕೊಳೆ ಮೇಲಕ್ಕೆ ಹೋಗಬಾರದು. ಪ್ರತಿ ಜಾಗದಲ್ಲೂ ಬೂಟನ್ನು ಬ್ರಷ್ಷಿನಿಂದ ಉಜ್ಜಿ ಮದ್ದಿನ ನೀರಿನಲ್ಲಿ ಅದ್ದಬೇಕು. ಅವಳು ಎಷ್ಟು ಉಜ್ಜುತ್ತಿದ್ದಳೆಂದರೆ ಮೂರು ತಿಂಗಳಿಗೊಂದು ಜೊತೆ ಬೂಟು ಸವೆಯುತ್ತಿತ್ತು, ನಡೆದು ಅಲ್ಲ, ಉಜ್ಜಿಸಿಕೊಂಡು.

"ಅಕ್ಕಾ, ನಿನಗೆ ಮದುವೆ ಆಗಿದ್ದಿದ್ರೆ ಗಂಡನ್ನೂ ಹೀಗೇ ಉಜ್ಜಿ ಒಳಗೆ ಬಿಟ್ಕೊಳ್ತಿದ್ದೆ" ಎಂದು ನಾನು ರೇಗಿಸುತ್ತಿದ್ದೆ.

"ಅದಕ್ಕೇ ಯಾರೂ ಬರ್ಲಿಲ್ಲ ಬಿಡು. ನೀನು ಸ್ವಲ್ಪ ದೂರ ನಿಂತ್ಕೋ, ನಿನ್ನ ಚಪ್ಪಲಿ ನೋಡಿದ್ರೆ ಹೊಳೆಗೇ ಜ್ವರ ಬರುತ್ತೆ."

ಮದುವೆಯಾಗದಿದ್ದುದಕ್ಕೆ ನಿಜವಾದ ಕಾರಣ ತಮ್ಮ. ತಾಯಿ ಸತ್ತಾಗ ಅವಳಿಗೆ ಹದಿನೇಳು, ಅವನಿಗೆ ಐದು. ಅವಳೇ ಉಣಿಸಿದಳು, ಬೈದಳು, ಓದಿಸಿದಳು. ಅವನು ಓದಿ ಬಂದಾಗ ದೊಡ್ಡ ಸಾಹೇಬರ ಕೋಣೆಯ ಮುಂದೆ ಹದಿನಾಲ್ಕು ದಿನ ನಿಂತು ನಮ್ಮ ಪ್ರಯೋಗಾಲಯದಲ್ಲೇ ಅವನಿಗೊಂದು ತಾತ್ಕಾಲಿಕ ಕೆಲಸ ಕೊಡಿಸಿದಳು. ಅಂದಿನಿಂದ ಅವಳು ತಂದ ಎಲೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಓದುವವನು ಅವನೇ. ಅವಳು ತರುವಳು, ಅವನು ನೋಡುವನು, ಅವನು ಹೇಳಿದ್ದು ವರದಿಯಾಗುವುದು. ಮಚ್ಚೆಯೆಲ್ಲ ಈಜುಗಳ್ಳನದೇ ಆಗಿರುವುದಿಲ್ಲ, ಕೊಳೆತರೂ ಎಲೆ ಕಂದಾಗುತ್ತದೆ. ಕೊನೆಯ ಮಾತು ಗಾಜಿನ ಕೆಳಗೆ ನೋಡಿದವನದು. ಒಂದು ದಿನ ಅವನು ಅಕ್ಕನನ್ನೂ ಕೂರಿಸಿ ತೋರಿಸಿದ. ಸಣ್ಣ ಸಣ್ಣ ನಿಂಬೆಹಣ್ಣುಗಳ ಆಕಾರ. ಒಂದೊಂದು ನಿಂಬೆಯ ತುದಿ ಒಡೆದು ಒಳಗಿಂದ ಈಜುಗಳ್ಳರು ಹೊರಗೆ ಹಾರುತ್ತಿದ್ದರು. ಅವಳು ಅದನ್ನು ನನಗೆ ಒಂದು ವಾರ ವರ್ಣಿಸಿದಳು. ವರ್ಣನೆಗಿಂತ ಹೆಚ್ಚು ಬಂದದ್ದು "ನನ್ನ ತಮ್ಮ ತೋರಿಸ್ದ" ಎಂಬ ಮಾತು.

ಮೇಲಿನ ತೊರೆ ಇಷ್ಟು ವರ್ಷ ಶುದ್ಧವಾಗಿ ಉಳಿದದ್ದು ದೊಡ್ಡ ಸಾಹೇಬರ ಕಿವಿಗೆ ಬಿತ್ತು. ದೊಡ್ಡ ಸಾಹೇಬರ ಹೊಟ್ಟೆ ಸಭೆಗೆ ಅವರಿಗಿಂತ ಹತ್ತು ನಿಮಿಷ ಮೊದಲೇ ಬರುತ್ತಿತ್ತು. ಅವರ ಯೋಜನೆಗಳು ಅವರಿಗಿಂತ ಹತ್ತು ವರ್ಷ ಮೊದಲು. ಶುದ್ಧ ತೊರೆಯನ್ನು ಸುಮ್ಮನೆ ಬಿಡುವುದು ಅವರ ಜಾತಕದಲ್ಲೇ ಇರಲಿಲ್ಲ. ಅದರ ಗೌರವಾರ್ಥ ಎರಡೂ ದಡದಲ್ಲಿ ಆರುನೂರು ಹೊಸ ಸಸಿ ನೆಡಬೇಕೆಂದರು. ಕ್ಯಾಮೆರಾದವರು ಬರುತ್ತಾರೆ, ಮೇಲಿನವರು ಬರುತ್ತಾರೆ. ಸಸಿಗಳು ನಮ್ಮ ಕಚೇರಿಯದೇ ಸಸಿತೋಟದಲ್ಲಿ ಬೆಳೆದವು. ಗಿಡದ ರೋಗ ಹುಡುಕುವುದೇ ಕಸುಬಾದ ಕಚೇರಿಗೆ ತನ್ನ ಹಿತ್ತಿಲಿನ ಗಿಡವನ್ನು ಅನುಮಾನಿಸಲು ಮಾತ್ರ ಬರುತ್ತಿರಲಿಲ್ಲ.

ಅನುಮಾನ ಬಂದದ್ದು ಎಲೆಯಕ್ಕನೊಬ್ಬಳಿಗೆ. ನೆಡುವ ದಿನಕ್ಕೆ ಒಂದು ವಾರ ಮೊದಲು ಅವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ತಮ್ಮನನ್ನು ಕೇಳಿದ್ದು ನನ್ನ ಎದುರಿಗೇ.

"ಲೋ, ಆ ಸಸಿಗಳಿಗೆ ನೀರು ಎಲ್ಲಿಂದ ಬಿಡ್ತಾರೆ?"

"ತೊಟ್ಟಿಯಿಂದ."

"ತೊಟ್ಟಿಗೆ?"

"ಪಂಪಿಂದ ಕಣಕ್ಕಾ. ಕೆಳಗಿನ ಹೊಳೆಯಿಂದ ಬರುತ್ತೆ, ಸೋಸಿ ಬಿಡ್ತಾರೆ."

"ಸೋಸಿದ್ರೆ ಈಜುಗಳ್ಳ ನಿಲ್ತಾನಾ? ಬೇರು ನೋಡಿದೀಯಾ?"

"ನೋಡಿದೀನಿ. ಎಲ್ಲ ಚೆನ್ನಾಗಿದೆ. ಹೋಗಿ ನೆಡು, ಫೋಟೋದಲ್ಲಿ ನಗು."

ಅವಳು ಹೋಗಿ ನೆಟ್ಟಳು. ಮೊದಲ ನೂರು ಸಸಿ ಅವಳ ಕೈಯಿಂದಲೇ ಆಗಲಿ ಎಂದು ಸಾಹೇಬರು ಹೇಳಿದ್ದರಿಂದ ನೂರನ್ನೂ ಅವಳೇ ನೆಟ್ಟಳು. ಪ್ರತಿಯೊಂದಕ್ಕೂ ಬುಡದ ಮಣ್ಣನ್ನು ಅಂಗೈಯಿಂದ ತಟ್ಟಿ, ಮಗುವನ್ನು ಮಲಗಿಸಿದ ಹಾಗೆ. ಸಾಹೇಬರು ಒಂದು ನೆಟ್ಟರು. ಫೋಟೋದಲ್ಲಿ ಆರುನೂರನ್ನೂ ಅವರೇ ನೆಟ್ಟಂತೆ ಕಾಣುತ್ತಿದ್ದರು. ಅದೇ ತಿಂಗಳು ತಮ್ಮನ ಕೆಲಸ ಕಾಯಂ ಆಯಿತು. ಅಕ್ಕ ಕಚೇರಿಗೆಲ್ಲ ಸಿಹಿ ಹಂಚಿದಳು.

ಎರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮೇಲಿನ ತೊರೆಯ ಚೀಲ ಬಿಚ್ಚಿದ ಎಲೆಯಕ್ಕ ನೀರಿನಲ್ಲೇ ನಿಂತಳು. ನಾನು ಜೀಪಿನಿಂದಲೇ, "ಏನು, ಮೀನು ಬಿತ್ತಾ?" ಎಂದು ಕೂಗಿದೆ. ಅವಳು ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ನಡುವೆ ಕಂದುಮಚ್ಚೆ, ಬೆರಳಿಟ್ಟ ಹಾಗೆ. ನಾವಿಬ್ಬರೂ ದಡದುದ್ದಕ್ಕೂ ನಡೆದೆವು. ಹೊಸ ಸಸಿಗಳ ಪಕ್ಕದ ಹಳೆಯ ಮರಗಳ ಬುಡದಲ್ಲಿ ಕಪ್ಪು ಕಣ್ಣೀರು ಇಳಿದಿತ್ತು. ಅವಳು ಒಂದೊಂದನ್ನೂ ಮುಟ್ಟಿ, ಬೆರಳು ಮೂಸಿ, ಮುಂದೆ ಹೋದಳು. ನಾನು ಅವಳ ಬಕೆಟ್ಟು ಹಿಡಿದು ಹಿಂದೆ ನಡೆದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕಚೇರಿಗಳ ಹಳೆಯ ವೈದ್ಯ. ಹತ್ತು ದಿನಕ್ಕೆ ಅವಳ ಮೇಜಿನ ಮೇಲೆ ಒಂದು ಪತ್ರ ಬಂತು. ಇಂಥ ದಿನಾಂಕದಂದು ಕ್ಷೇತ್ರ ಸಹಾಯಕಿಯು ನಿಯಮ ಮೀರಿ ಕೆಳಗಿನ ಜಾಗಗಳಿಗೆ ಮೊದಲು ಭೇಟಿಯಿತ್ತು, ನಂತರ ಮೇಲಿನ ತೊರೆಗೆ ಇಳಿದಿದ್ದಾರೆ; ಅವರ ಬೂಟಿನಿಂದಲೇ ರೋಗ ಹರಡಿರುವ ಸಂಭವವಿದೆ; ವಿಚಾರಣೆ ನಡೆಯಲಿದೆ; ತಪ್ಪು ಸಾಬೀತಾದರೆ ವಜಾ.

ಅವಳು ಪತ್ರವನ್ನು ಗ್ಯಾರೇಜಿಗೆ ತಂದಳು. ನಾನು ಜೀಪಿನ ಕೆಳಗೆ ಮಲಗಿದ್ದೆ.

"ಹೊರಗೆ ಬಾ. ಈ ದಿನಾಂಕ ನೋಡು."

ನೋಡಿದೆ. ಜೀಪಿನ ಎಂಜಿನ್ನು ಬಾಯಿಬಿಟ್ಟ ದಿನ. ಬೆಟ್ಟ ಹತ್ತಲಾಗದೆ ಕೆಳಗಿನ ಎರಡು ಜಾಗ ಮೊದಲು ಮುಗಿಸಿದೆವು, ರಿಪೇರಿಯಾದ ಮೇಲೆ ಮೇಲಕ್ಕೆ ಹೋದೆವು. ಆದರೆ ಎಲೆಯಕ್ಕ ಅಂದು ಬೂಟನ್ನು ಜೀಪಿನಲ್ಲೇ ಬಿಟ್ಟು, ಕಾಲಿಗೆ ಮದ್ದು ಸುರಿದು ತೊಳೆದು, ಬರಿಗಾಲಲ್ಲಿ ನೀರಿಗಿಳಿದಿದ್ದಳು. ಆ ನೀರು ಎಷ್ಟು ತಣ್ಣಗಿತ್ತೆಂದರೆ ಅವಳ ಹಲ್ಲು ಕಟಕಟಿಸುವುದು ಜಲಪಾತದ ಸದ್ದನ್ನು ಮುಚ್ಚಿಹಾಕಿತ್ತು.

"ಇದನ್ನ ನೀನು ಯಾರಿಗಾದ್ರೂ ಹೇಳಿದ್ಯಾ?"

"ನಾನು ದಿನಕ್ಕೆ ನೂರು ಸುಳ್ಳು ಹೇಳ್ತೀನಕ್ಕಾ, ಆದ್ರೆ ಇದನ್ನ ಹೇಳಿಲ್ಲ. ಜೀಪು ಕೆಟ್ಟಿದ್ದು ನನಗೇ ಅವಮಾನ. ನೀನು?"

ಅವಳು ಪತ್ರ ಮಡಿಸಿದಳು. ಮತ್ತೆ ಬಿಚ್ಚಿದಳು. "ಮನೇಲಿ ಹೇಳಿದ್ದೆ. ಊಟಕ್ಕೆ ಕೂತಾಗ. ಕಾಲು ಮರಗಟ್ಟಿ ಹೋಯ್ತು ಅಂತ ನಗ್ತಾ ಹೇಳಿದ್ದೆ. ತಮ್ಮನೂ ನಕ್ಕಿದ್ದ."

ಆಮೇಲೆ ಅವಳೇ, "ಸಾಹೇಬ್ರಿಗೆ ಮಾತಿಗೆ ಮಾತು ಬಂದು ಹೇಳಿರ್ಬೇಕು. ಬರಿಗಾಲು ಅನ್ನೋದನ್ನ ಅವರು ಬರ್ಕೊಂಡಿಲ್ಲ ಅಷ್ಟೆ" ಎಂದಳು. ನಾನು ಹೂಂ ಎಂದೆ. ಕೆಲವು ಸಲ ಹೂಂ ಎನ್ನುವುದೇ ದೊಡ್ಡ ಸುಳ್ಳು.

ಆ ದಿನ ಅವಳು ತೊರೆಗೆ ಹೋಗಿ ತಾನೇ ನೆಟ್ಟ ಒಂದು ಸಸಿಯನ್ನು ಕಿತ್ತು ತಂದಳು. ಸಸಿತೋಟದಲ್ಲಿ ಕುಂಡದಲ್ಲೇ ಉಳಿದು, ಹೊಳೆಯ ಮುಖವನ್ನೇ ಕಾಣದ ಇನ್ನೊಂದನ್ನೂ ಕೇಳಿ ತಂದಳು. ಮನೆಯ ಅಡುಗೆಕೋಣೆಯಲ್ಲಿ ಎರಡು ಪಾತ್ರೆ ಇಟ್ಟು, ಒಂದೊಂದರಲ್ಲಿ ಒಂದು ಸಸಿಯ ಬೇರು, ಬುಡದ ಮಣ್ಣು, ಕಾಯಿಸಿ ಆರಿಸಿದ ನೀರು ಹಾಕಿ, ಮೇಲೆ ಎಲೆ ತೇಲಿಸಿದಳು. ನಾಲ್ಕು ದಿನ ಆ ಮನೆಯಲ್ಲಿ ಅಡುಗೆಯಾದದ್ದು ಬಾಣಲೆಯಲ್ಲಿ ಮಾತ್ರ. ಐದನೇ ದಿನ ಎರಡು ಪಾತ್ರೆಯ ಎಲೆಯಲ್ಲೂ ಮಚ್ಚೆ ಎದ್ದಿತ್ತು. ಹೊಳೆ ಕಾಣದ ಸಸಿಯಲ್ಲೂ ಕಳ್ಳನಿದ್ದನೆಂದರೆ ಅವನು ಬೂಟು ಹತ್ತಿ ಬಂದವನಲ್ಲ.

ಅವಳು ಕುಂಡದ ಸಸಿಯ ಎಲೆಯನ್ನು ಎರಡು ಸೀಳು ಮಾಡಿದಳು. ಒಂದನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಇನ್ನೊಂದನ್ನು ತಮ್ಮನಿಗೆ ಕೊಟ್ಟು, "ನೋಡು. ಇದು ಸಸಿತೋಟದ ಕುಂಡದ್ದು" ಎಂದಳು. ಪ್ರಯೋಗಾಲಯಕ್ಕೆ ಒಬ್ಬಳೇ ಹೋಗಲು ಯಾಕೋ ಧೈರ್ಯವಾಗದೆ ನನ್ನನ್ನೂ ಕರೆದಿದ್ದಳು. ಅಂಥ ಹೆಂಗಸಿಗೆ ಧೈರ್ಯವಾಗದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರು ದಿನದ ನಂತರ ಹೋದಾಗ ತಮ್ಮ ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಅವನ ಕಿವಿ ನಿಧಾನಕ್ಕೆ ಕೆಂಪಾಯಿತು.

"ಏನೂ ಇಲ್ಲಕ್ಕಾ. ಕೊಳೆತಿದೆ ಅಷ್ಟೆ."

"ಏಳು, ನಾನು ನೋಡ್ತೀನಿ."

"ನಿನಗೆ ಗೊತ್ತಾಗಲ್ಲ."

"ಏಳೋ."

ಅವನು ಎದ್ದ. ಅವಳು ಕೂತು, ಒಂದು ಕಣ್ಣು ಮುಚ್ಚಿ, ಬಗ್ಗಿದಳು.

"ಇದು ನಿಂಬೆಹಣ್ಣಲ್ವೇನೋ?"

"ಗಾಳಿಗುಳ್ಳೆ ಅಕ್ಕಾ ಅದು."

"ಗಾಳಿಗುಳ್ಳೆಗೆ ತುದಿ ಇರುತ್ತಾ?"

ಅವಳು ಕಣ್ಣು ತೆಗೆಯದೆಯೇ ಹೇಳಿದಳು: "ತುದಿ ಒಡೀತಾ ಇದೆ. ಹೊರಗೆ ಬರ್ತಾ ಇದಾವೆ. ಬಾ, ನೀನೂ ನೋಡು. ನಿನ್ನ ಗಾಳಿಗುಳ್ಳೆಗೆ ಬಾಲ ಬಂದಿದೆ."

ಆಗ ಅವನು ಕುರ್ಚಿ ಹುಡುಕಿ ಕೂತು ಎಲ್ಲ ಹೇಳಿದ. ಸಸಿ ನೆಡುವ ಮೊದಲೇ ತೊಟ್ಟಿಯ ನೀರಿನಲ್ಲಿ ಈಜುಗಳ್ಳ ಸಿಕ್ಕಿದ್ದ. ವರದಿ ಬರೆದು ಸಾಹೇಬರಿಗೆ ಕೊಟ್ಟಿದ್ದ. ಅತಿಥಿಗಳಿಗೆ ಆಹ್ವಾನ ಹೋಗಿದೆ, ಈಗ ಇದನ್ನು ತಂದಿದ್ದೀಯಾ ಎಂದು ಸಾಹೇಬರು ವರದಿಯನ್ನು ಮೇಜಿನ ಖಾನೆಗೆ ಹಾಕಿ, ಅದರ ಮೇಲೆ ಅವನ ಕಾಯಂ ಆಗುವ ಕಡತ ಇಟ್ಟು, "ಯಾವುದು ಮೊದಲು ಹೊರಗೆ ಬರಬೇಕು, ಹೇಳು" ಎಂದಿದ್ದರು.

"ನಾನು ಆವಾಗ ಕೇಳಿದಾಗ ನನಗಾದ್ರೂ ಹೇಳ್ಬಹುದಿತ್ತಲ್ಲ. ನಾನು ನೆಡ್ತಾ ಇರ್ಲಿಲ್ಲ."

"ನಿನಗೆ ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ?"

"ಇರ್ತಿರ್ಲಿಲ್ಲ."

"ಅದಕ್ಕೇ."

"ಬೂಟಿನ ಮಾತು?"

ಅವನು ಕೈಯನ್ನೇ ನೋಡಿಕೊಂಡ. "ಯಾರದ್ದಾದ್ರೂ ತಪ್ಪು ಅಂತ ತೋರಿಸ್ಲೇಬೇಕಿತ್ತಕ್ಕಾ. ನಿನಗೆ ಇನ್ನು ಎರಡೇ ವರ್ಷ ಸರ್ವೀಸು. ನನಗೆ ಹೆಂಡತಿ ಮಕ್ಕಳು. ನೀನು ಹೇಗಿದ್ರೂ ಸಹಿಸ್ಕೋತೀಯ ಅನ್ಕೊಂಡೆ."

ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ. ಅವಳು ಸೂಕ್ಷ್ಮದರ್ಶಕದ ದೀಪ ಆರಿಸಿ, ಅದರ ಮೇಲೆ ಹೊದಿಕೆ ಎಳೆದು, ಸರಿಯಾಗಿ ಕೂತಿದೆಯೇ ಎಂದು ನೋಡಿ, "ನಾಳೆ ಹನ್ನೊಂದು ಗಂಟೆಗೆ ವಿಚಾರಣೆ. ನೀನೇ ಹೇಳು. ನಿನ್ನ ಬಾಯಿಂದ್ಲೇ ಬರ್ಲಿ" ಎಂದಳು.

ಮರುದಿನ ಸಭಾಕೋಣೆಯಲ್ಲಿ ಹೊರಗಿನಿಂದ ಬಂದ ತನಿಖಾಧಿಕಾರಿ, ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದ ಹೆಂಗಸು, ನಡುವೆ ಕೂತಿದ್ದರು. ಅವರ ಬಲಕ್ಕೆ ಸಾಹೇಬರು. ಸಾಹೇಬರ ಬಲಕ್ಕೆ ತಮ್ಮ. ಎದುರಿಗೆ ಎಲೆಯಕ್ಕ ಒಬ್ಬಳೇ. ಮೊದಲು ನನ್ನನ್ನು ಕೇಳಿದರು. ನಾನು ಎದ್ದು ಬರಿಗಾಲಿನ ಸಂಗತಿ ಇದ್ದದ್ದು ಇದ್ದಂತೆ ಹೇಳಿದೆ. ಸಾಹೇಬರು ನಕ್ಕು, "ಮೇಡಂ, ಇವನ ಜೀಪು ಬೆಟ್ಟಕ್ಕಿಂತ ಹಿರಿಯದಂತೆ, ಅದನ್ನೂ ಬರ್ಕೊಳ್ಳಿ" ಎಂದರು. ಕೋಣೆಯೆಲ್ಲ ನಕ್ಕಿತು. ಜೀವಮಾನವಿಡೀ ಜನ ನಗಲಿ ಎಂದು ಬಾಯಿ ಸವೆಸಿದವನು ನಾನು. ಆ ಒಂದು ನಗುವನ್ನು ಮಾತ್ರ ಇವತ್ತಿಗೂ ನುಂಗಲಾಗಿಲ್ಲ.

ಅಧಿಕಾರಿ ಎಲೆಯಕ್ಕನ ಕಡೆ ತಿರುಗಿದರು. "ನೀವೇನು ಹೇಳ್ತೀರಿ?"

"ನಾನು ಸಸಿತೋಟದ ಸಸಿಗೆ ಎಲೆ ಹಾಕಿ ನೋಡಿದೀನಿ. ನನ್ನ ತಮ್ಮನೇ ಪರೀಕ್ಷೆ ಮಾಡಿದಾನೆ. ಅವನನ್ನೇ ಕೇಳಿ."

ತಮ್ಮ ಎದ್ದು ನಿಂತ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಮಗು ಮೊದಲ ಹೆಜ್ಜೆ ಇಡುವಾಗ ತಾಯಂದಿರು ನೋಡುವ ಹಾಗೆ, ಕೈ ಅರ್ಧ ಮುಂದೆ ಚಾಚಿ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಮಾದರಿಯಲ್ಲಿ ರೋಗಾಣು ಕಂಡುಬಂದಿಲ್ಲ" ಎಂದ ತಮ್ಮ.

ಎಲೆಯಕ್ಕನ ಕೈ ಮಡಿಲಿಗೆ ಇಳಿಯಿತು. ಅವಳು ಚೀಲದಿಂದ ಒದ್ದೆ ಕಾಗದದ ಪೊಟ್ಟಣ ತೆಗೆದು ಅಧಿಕಾರಿಯ ಮುಂದಿಟ್ಟಳು.

"ಇದು ಅದೇ ಎಲೆಯ ಇನ್ನೊಂದು ಸೀಳು. ಸಸಿತೋಟದ ಸಸಿಯನ್ನೂ ತೊಟ್ಟಿಯ ನೀರನ್ನೂ ನೀವೇ ಖುದ್ದು ತಗೊಳ್ಳಿ. ನನ್ನ ತಮ್ಮ ಇಲ್ಲದ ಪ್ರಯೋಗಾಲಯ ಯಾವುದಾದ್ರೂ ಇದ್ರೆ ಅಲ್ಲಿಗೆ ಕಳಿಸಿ."

ಆ ಸೀಳನ್ನು ಅವಳು ಯಾಕೆ ಇಟ್ಟುಕೊಂಡಿದ್ದಳು ಎಂದು ಆಮೇಲೆ ನಾನು ಕೇಳಿದೆ. ನಂಬಿಕೆ ಇದ್ದವರು ಎಲೆಯನ್ನು ಸೀಳುತ್ತಾರೆಯೇ? "ಗೊತ್ತಿಲ್ಲಪ್ಪ. ಸೀಳುವಾಗ ನನಗೇ ನಾಚಿಕೆ ಆಗಿತ್ತು" ಎಂದಳು.

ಒಂದೂವರೆ ತಿಂಗಳಿಗೆ ದೂರದ ಪ್ರಯೋಗಾಲಯದಿಂದ ಉತ್ತರ ಬಂತು. ಎಲೆಯಲ್ಲಿ ಈಜುಗಳ್ಳ, ಸಸಿಯಲ್ಲಿ ಈಜುಗಳ್ಳ, ತೊಟ್ಟಿಯಲ್ಲಂತೂ ಅವನ ಕುಲಕೋಟಿ. ಸಾಹೇಬರ ಖಾನೆಯಿಂದ ಹಳೆಯ ವರದಿಯೂ ಹೊರಬಂತು. ದೊಡ್ಡವರು ಬೀಳುವುದು ಮೇಲಕ್ಕೇ ತಾನೇ. ಸಾಹೇಬರನ್ನು ಇನ್ನೂ ದೊಡ್ಡ ಕಚೇರಿಗೆ, ಇನ್ನೂ ಅಗಲದ ಕುರ್ಚಿಗೆ ವರ್ಗ ಮಾಡಿದರು. ತಮ್ಮನನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿ ಗಾಜಿನ ಸಾಮಾನು ತೊಳೆಯಲು ಹಾಕಿದರು. ಎಲೆಯಕ್ಕನಿಗೆ ಎರಡು ಸಾಲಿನ ಪತ್ರ ಬಂತು: ಆರೋಪ ಕೈಬಿಡಲಾಗಿದೆ. ಅದರ ಹಿಂದೆಯೇ ಇನ್ನೊಂದು ಆದೇಶ: ಮೇಲಿನ ತೊರೆಯ ಆರುನೂರು ಸಸಿಗಳನ್ನೂ ಬೇರುಸಮೇತ ಕಿತ್ತು ಅಲ್ಲೇ ಸುಡತಕ್ಕದ್ದು.

ಕೀಳಲು ಇಡೀ ಕಚೇರಿ ಹೋಯಿತು. ಎಲೆಯಕ್ಕ ತಾನು ನೆಟ್ಟ ನೂರಕ್ಕೆ ಬೇರೆಯವರು ಕೈಹಚ್ಚಲು ಬಿಡಲಿಲ್ಲ. ಬಹುಪಾಲು ಅದಾಗಲೇ ಒಣಗಿದ್ದವು. ಎಳೆದರೆ ಸಾಕು, ಕೊಳೆತ ಕಪ್ಪು ಬೇರಿನೊಂದಿಗೆ ಕೈಗೆ ಬರುತ್ತಿದ್ದವು. ಮೇಲೆ ನೋಡಿದರೆ ಹಳೆಯ ಮರಗಳ ನಡುವೆ ಆಕಾಶ ಕಾಣುತ್ತಿತ್ತು. ಅಲ್ಲಿ ಆಕಾಶ ಕಂಡದ್ದು ಅದೇ ಮೊದಲು.

ತಮ್ಮ ಇಡೀ ಬೆಳಿಗ್ಗೆ ಅವಳಿಂದ ಹತ್ತು ಮಾರು ದೂರದಲ್ಲಿ ಕೀಳುತ್ತಿದ್ದ. ವಿಚಾರಣೆಯ ದಿನದಿಂದ ಅವಳು ಅವನೊಂದಿಗೆ ಮಾತಾಡಿರಲಿಲ್ಲ. ಅನ್ನ ಬಡಿಸುತ್ತಿದ್ದಳು, ನೀರು ಇಡುತ್ತಿದ್ದಳು, ಮಾತಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಒಂದು ಸಸಿಯ ಮುಂದೆ ನಿಂತ. ಬಂಡೆಯ ಹಿಂದೆ, ನೀರಿನಿಂದ ಎತ್ತರದಲ್ಲಿದ್ದ ಆ ಸಸಿ ಸೊಂಟದೆತ್ತರ ಬೆಳೆದು, ಹೊಸ ಚಿಗುರು ಬಿಟ್ಟಿತ್ತು.

"ಅಕ್ಕಾ, ಇದು ಬದುಕಿದೆ. ನೀನೇ ನೆಟ್ಟಿದ್ದು. ಹೋದ ವಾರ ಬಂದು ಬೇರಿನ ಚೂರು ತಗೊಂಡು, ಎಲ್ರೂ ಹೋದ್ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಇದರಲ್ಲಿ ಇಲ್ಲ. ತನಿಖೆಗೆ ಬಂದಿದ್ದ ಮೇಡಂ ಹತ್ರ ಕೇಳಿ ಇದೊಂದನ್ನ ಉಳಿಸ್ಕೊಳ್ಳೋಣ."

ಎಲೆಯಕ್ಕ ಕೈಯ ಮಣ್ಣು ಕೊಡವಿಕೊಂಡು ಬಂದಳು. ಸಸಿಯ ಸುತ್ತ ಒಂದು ಸುತ್ತು ಹಾಕಿದಳು, ಚಿಗುರನ್ನು ಬೆರಳಿನಿಂದ ಎತ್ತಿ ನೋಡಿದಳು. ಆಸೆ ಅವಳ ಮುಖಕ್ಕೆ ಬಂದದ್ದನ್ನು ನಾನು ಕಂಡೆ, ಹೋದದ್ದನ್ನೂ ಕಂಡೆ.

"ಯಾರು ನೋಡಿದ್ದು?"

"ನಾನೇ ಅಕ್ಕಾ."

ಅವಳು ಬುಡವನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಸಸಿ ಸುಲಭಕ್ಕೆ ಬರಲಿಲ್ಲ. ಮಂಡಿಯೂರಿ, ಗುದ್ದಲಿ ಹಾಕಿ, ಮತ್ತೆ ಎಳೆದಳು. ಕೊನೆಗೆ ಬಂದಾಗ ಬೇರು ಬೆಳ್ಳಗೆ, ಗಟ್ಟಿಯಾಗಿ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ತಮ್ಮನೂ ನೋಡಿದ. ಆಮೇಲೆ ಅವಳು ಅದನ್ನು ಹೆಗಲ ಮೇಲಿಟ್ಟುಕೊಂಡು, ಉಳಿದವು ಉರಿಯುತ್ತಿದ್ದ ಕಡೆಗೆ ನಡೆದಳು.